ಕೈ ಬದಲಿಸಿದ ಉಂಗುರ

"ಇದು ಯಾರ ಗಡಿಯಾರ, ಅಜ್ಜಿ?"

ವೋಲ್ಗಾ ನದಿಯ ನಮ್ಮ ಪ್ರವಾಸಿ ಹಡಗಿನ ಮ್ಯಾನೇಜರ್ ರೊಸ್ತಿಸ್ಲಾವ್ ಆ ಕೈಗಡಿಯಾರವನ್ನು ನನ್ನ ಮೂಗಿನ ಮುಂದೆ ತೂಗಾಡಿಸಿದ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ.

"ಅಜ್ಜಿ ಇರೋದು ನಿಮ್ಮನೇಲಿ," ಅಂದೆ. "ನಾನು ಕ್ಲಾವ್ದಿಯಾ ಯೆಗೋರೊವ್ನಾ. ನನಗಿನ್ನೂ ಎಪ್ಪತ್ನಾಲ್ಕು. ಮೊನ್ನೆ ಉಗ್ಲಿಚ್‌ನಲ್ಲಿ ಚರ್ಚಿನ ಗಂಟೆ ಹೊಡೆಯೋ ಗಡ್ಡದವನು ನನ್ನ ನೋಡಿ ಎರಡು ಗಂಟೆ ಜಾಸ್ತಿ ಹೊಡೆದ, ಗೊತ್ತಾ?"

"ತಮಾಷೆಗೆ ಟೈಮಿಲ್ಲ, ಕ್ಲಾವ್ದಿಯಾ ಯೆಗೋರೊವ್ನಾ. ಇದು ನಿಮ್ಮ ಗೆಳತಿಯ ಹೆಣಿಗೆ ಚೀಲದಲ್ಲಿ ಸಿಕ್ತು. ಉಣ್ಣೆ ಉಂಡೆ ಒಳಗೆ ಸುತ್ತಿಟ್ಟಿದ್ರು. ಹಿಂದುಗಡೆ ಏನು ಕೆತ್ತಿದೆ ನೋಡಿ."

"ಕನ್ನಡಕ ತಂದಿಲ್ಲ. ನೀನೇ ಓದು."

"ವೆನಿಯಮಿನ್ ಕರ್ಪೂಖಿನ್‌ಗೆ, ಇಪ್ಪತ್ತು ವರ್ಷಗಳ ದುಡಿಮೆಗೆ."

ಅವನ ಕೈಯಲ್ಲಿ ಇನ್ನೊಂದು ಸಲ ಓದಿಸಿದೆ.

ವೆನಿಯಮಿನ್ ಕರ್ಪೂಖಿನ್ ಅಂದರೆ ನಿನ್ನೆ ಸಂಜೆಯಿಂದ ಹಡಗಿನಲ್ಲಿ ಕಾಣದ ಮನುಷ್ಯ. ಊರು ನೋಡಲು ಇಳಿಯುವಾಗ ನಮಗೆಲ್ಲ ಒಂದೊಂದು ಬಿಲ್ಲೆ ಕೊಡುತ್ತಾರೆ, ಹತ್ತಿದ ಮೇಲೆ ಅದನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ. ಮಿಶ್ಕಿನ್ ಊರಿನಲ್ಲಿ ನಾಲ್ಕು ಗಂಟೆಗೆ ಅವನ ಬಿಲ್ಲೆ ಕೊಕ್ಕೆಗೆ ಬಂದಿತ್ತು. ಊಟಕ್ಕೆ ಅವನು ಬರಲಿಲ್ಲ. ಹಡಗನ್ನೆಲ್ಲ ಜಾಲಾಡಿದರು, ನನ್ನ ಹಾಸಿಗೆ ಕೆಳಗೂ ಇಣುಕಿದರು. ಅಲ್ಲಿ ಗಂಡಸು ಸಿಕ್ಕಿ ಎಷ್ಟು ವರ್ಷವಾಯಿತೋ!

"ಬಡಿಸೋ ಹುಡುಗಿ ನೋಡಿದಾಳೆ," ರೊಸ್ತಿಸ್ಲಾವ್ ಬೆರಳು ಮಡಚಿದ. "ಐದು ಗಂಟೆಗೆ ಹಿಂದಿನ ಡೆಕ್ಕಲ್ಲಿ ಅವನೂ ನಿಮ್ಮ ರಾಯಿಸಾನೂ ಜೋರಾಗಿ ಮಾತಾಡ್ತಿದ್ರಂತೆ. ಅವನು ಇವರ ಮೊಣಕೈ ಹಿಡ್ಕೊಂಡಿದ್ದನಂತೆ. ಆಮೇಲೆ ಅವನನ್ನ ಯಾರೂ ನೋಡಿಲ್ಲ. ಈಗ ಗಡಿಯಾರ. ನಿಮ್ಮ ಗೆಳತೀನ ಕೇಳಿದ್ರೆ ಬಾಯೇ ಬಿಡ್ತಿಲ್ಲ. ನಾನೇನು ಮಾಡ್ಲಿ? ಈ ತೊಟ್ಟಿಯಿಂದ ಆಚೆ ಹೋದ ತಕ್ಷಣ ಪೊಲೀಸ್ ದೋಣಿ ಕಾಯ್ತಿದೆ. ಒಬ್ಬರನ್ನ ಕೊಟ್ಟರೆ ಹಡಗು ಮುಂದೆ ಹೋಗತ್ತೆ. ಇಲ್ಲಾಂದ್ರೆ ನೂರೆಂಬತ್ತು ಜನ ರಿಬಿನ್ಸ್ಕ್‌ನಲ್ಲೇ ಕೂರಬೇಕು."

ಹಡಗು ಆಗ ತಾನೇ ಅಣೆಕಟ್ಟಿನ ಪಕ್ಕದ ಇಳಿತೊಟ್ಟಿಯೊಳಗೆ ನುಸುಳಿತ್ತು. ಹಿಂದೊಂದು ಕಬ್ಬಿಣದ ಬಾಗಿಲು, ಮುಂದೊಂದು. ನಡುವೆ ನೀರು ಇಳಿಯುತ್ತದೆ, ನೀರಿನ ಜೊತೆ ಹಡಗೂ ಇಳಿಯುತ್ತದೆ. ಮುಂದಿನ ಬಾಗಿಲು ತೆರೆಯಲು ಅರ್ಧ ಗಂಟೆ. ಅಷ್ಟೇ ನನ್ನ ರಾಯಿಸಾಳ ಆಯಸ್ಸು ಅಂತ ಲೆಕ್ಕ ಹಾಕಿದೆ.

"ರಾಯಿಸಾ ಒಂದು ಸೊಳ್ಳೆ ಹೊಡೆದರೂ ಮೂರು ದಿನ ಅಳೋಳು," ಅಂದೆ. "ನಾನು ಬೇರೆ ಒಂದು ವಿಷ್ಯ ಹೇಳ್ತೀನಿ, ಕೇಳು ಮರಿ. ನಿಂಗೆ ಮದುವೆ ಆಗಿದೆಯಾ?"

"ಇಲ್ಲ."

"ಗೊತ್ತಾಗತ್ತೆ, ಅಂಗಿಯ ಗುಂಡಿ ನೋಡಿದ್ರೆ. ಮದುವೆಯಾದ ಹೆಂಗಸು ಉಂಗುರ ಯಾವ ಕೈಗೆ ಹಾಕ್ತಾಳೆ?"

"ಬಲಗೈಗೆ."

"ಗಂಡ ಸತ್ತರೆ?"

ಅವನು ಯೋಚಿಸಿದ. "ನಮ್ಮಜ್ಜಿ ಎಡಗೈಗೆ ಹಾಕ್ಕೊಂಡಿದ್ರು."

ನನ್ನ ಎಡಗೈ ಎತ್ತಿ ತೋರಿಸಿದೆ. ನನ್ನ ಸ್ತೆಪಾನ್ ಹೋಗಿ ಹನ್ನೊಂದು ವರ್ಷ. ಹೆಣ ಮಣ್ಣು ಮಾಡಿ ಬಂದ ದಿನವೇ ಉಂಗುರ ಈ ಕೈಗೆ ಬಂತು, ಇಲ್ಲೇ ಇದೆ.

"ಯಾರೊಸ್ಲಾವ್ಲ್ ಟ್ರಾಮಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದೋಳು ನಾನು. ಮುಖ ನೋಡೋ ಕಂಡಕ್ಟರ್‌ಗೆ ದಿನಾ ಟೋಪಿ ಬೀಳತ್ತೆ. ನಾನು ಕೈ ನೋಡ್ತಿದ್ದೆ. ನಿನ್ನ ಹಡಗಲ್ಲಿ ನಿನ್ನೆ ಮಧ್ಯಾಹ್ನ ಬಲಗೈಯಲ್ಲಿದ್ದ ಒಂದು ಉಂಗುರ ಇವತ್ತು ಬೆಳಿಗ್ಗೆ ಎಡಗೈಯಲ್ಲಿತ್ತು. ಹೆಣ ಇನ್ನೂ ಯಾರಿಗೂ ಸಿಕ್ಕಿಲ್ಲ. ಆದ್ರೆ ಅವಳಿಗೆ ಗೊತ್ತು, ಅವನು ಸತ್ತಿದ್ದಾನೆ ಅಂತ. ಹೇಗೆ ಗೊತ್ತು?"

ರೊಸ್ತಿಸ್ಲಾವ್ ಮೊದಲ ಸಲ ಗಡಿಯಾರ ಕೆಳಗಿಟ್ಟ. "ಯಾರದು?"

"ಖಾತ್ರಿ ಮಾಡ್ಕೊಂಡು ಹೇಳ್ತೀನಿ. ಉಂಗುರ ಬಿಟ್ಟುಹೋದ ಬೆರಳಲ್ಲಿ ಬಿಳಿ ಪಟ್ಟೆ ಉಳಿಯತ್ತೆ. ಅದನ್ನ ಯಾವ ಸೋಪೂ ತೊಳೆಯಲ್ಲ. ಉಂಗುರ ಎಡಗೈಯಲ್ಲಿ, ಬಿಳಿ ಪಟ್ಟೆ ಬಲಗೈಯಲ್ಲಿ, ಅವಳೇ ನಿನಗೆ ಬೇಕಾದೋಳು. ನೆನಪಿಟ್ಕೋ."

"ಬಾಗಿಲು ತೆರೆಯೋವರೆಗೆ ಟೈಮು," ಅಂದ. ಆ ಮಾತನ್ನು ಅವನು ನೆನಪಿಟ್ಟುಕೊಂಡ. ಹಾಳಾದವನು ನಾನು ಹೇಳಿದ ಬೇರೆ ಒಂದು ಮಾತನ್ನೂ ಹಡಗು ಹತ್ತಿದಾಗಿನಿಂದ ನೆನಪಿಟ್ಟುಕೊಂಡಿರಲಿಲ್ಲ.

ಮೊದಲು ನಮ್ಮ ಕ್ಯಾಬಿನ್‌ಗೆ ಓಡಿದೆ. ಓಡಿದೆ ಅಂದರೆ ಮೈ ಮುಂದೆ ಹೋಯಿತು, ಮಂಡಿಗಳು ಆಮೇಲೆ ಬಂದವು. ಬಾಗಿಲ ಹೊರಗೆ ಒಬ್ಬ ನಾವಿಕ ಕಾವಲಿದ್ದ. ಒಳಗೆ ರಾಯಿಸಾ ಮಂಚದ ತುದಿಯಲ್ಲಿ, ಟ್ರಾಮ್ ಬರುವುದಿಲ್ಲ ಅಂತ ಗೊತ್ತಿದ್ದೂ ನಿಲ್ದಾಣದಲ್ಲಿ ಕೂತವಳಂತೆ ಕೂತಿದ್ದಳು. ಜೂನ್ ತಿಂಗಳ ಸೆಕೆ, ನನ್ನ ರವಿಕೆ ಬೆನ್ನಿಗೆ ಅಂಟಿತ್ತು. ಇವಳು ಉಣ್ಣೆ ಶಾಲು ಹೊದ್ದು ಎರಡೂ ಕೈ ಒಳಗಿಟ್ಟುಕೊಂಡಿದ್ದಳು.

ರಾಯಿಸಾ ನಮ್ಮ ಕಟ್ಟಡದಲ್ಲೇ ಒಂದು ಮಹಡಿ ಕೆಳಗೆ ಇರುವವಳು. ಏಳು ವರ್ಷದ ಹಿಂದೆ ಮಾರ್ಚ್‌ನಲ್ಲಿ ಅವಳ ಗಂಡ ತಿಖೋನ್ ಹೆಪ್ಪುಗಟ್ಟಿದ ರಿಬಿನ್ಸ್ಕ್ ಜಲಾಶಯದ ಮೇಲೆ ತೂತು ಕೊರೆದು ಮೀನು ಹಿಡಿಯಲು ಹೋದ, ಬರಲಿಲ್ಲ. ಅವನು ನಿಂತಿದ್ದ ಹಿಮದ ಹಾಳೆ ಕಿತ್ತುಕೊಂಡು ತೇಲಿಹೋಯಿತು ಅಂದರು. ಆಮೇಲೆ ಅವಳು ನಮ್ಮ ಕಟ್ಟಡಕ್ಕೆ ಬಂದಳು. ತಿಖೋನನನ್ನು ನಾನು ನೋಡಿದವಳಲ್ಲ, ಫೋಟೋವನ್ನೂ ಅವಳು ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದಳು.

ಚರ್ಚಿನಲ್ಲಿ ನಾವು ಎರಡು ಚೀಟಿ ಬರೆದು ಕೊಡುತ್ತೇವೆ, ಬದುಕಿರುವವರ ಆರೋಗ್ಯಕ್ಕೊಂದು, ಸತ್ತವರ ಶಾಂತಿಗೊಂದು. ರಾಯಿಸಾ ಏಳು ವರ್ಷವೂ ಭಾನುವಾರ ತಪ್ಪದೆ ತಿಖೋನನ ಹೆಸರನ್ನು ಬದುಕಿರುವವರ ಚೀಟಿಯಲ್ಲೇ ಬರೆದಳು. ಉಂಗುರವನ್ನೂ ಬದಲಿಸಲಿಲ್ಲ. "ಹೆಣ ನೋಡೋ ತನಕ ನಾನು ವಿಧವೆ ಅಲ್ಲ ಅಕ್ಕ" ಅನ್ನುತ್ತಿದ್ದಳು. ನಿನ್ನೆ ಮಿಶ್ಕಿನ್‌ನಲ್ಲಿ ಮೀನು ತುಂಬಿದ ಪಿರೋಗ್ ರೊಟ್ಟಿ ಕೊಯ್ಯುವಾಗಲೂ ಅದು ಅವಳ ಬಲಗೈಯಲ್ಲಿ ಮಿಂಚುತ್ತಿತ್ತು.

"ಗಡಿಯಾರ ನಿನ್ನ ಉಂಡೆಯೊಳಗೆ ಹೇಗೆ ಬಂತೇ?" ಅಂದೆ.

ಅವಳು ಕಿಟಕಿ ನೋಡಿದಳು. ಹೊರಗೆ ಪಾಚಿ ಹಿಡಿದ ಗೋಡೆ ಮೇಲೇಳುತ್ತಿತ್ತು.

"ಆ ಮನುಷ್ಯನ ಹತ್ರ ಏನು ಮಾತಾಡಿದೆ? ಬಾಯಲ್ಲಿ ಸಕ್ಕರೆ ಉಂಡೆ ಇದೆಯಾ? ಉಗುಳಿ ಮಾತಾಡು."

"ನೀವು ಸುಮ್ನಿರಿ ಕ್ಲಾವಕ್ಕ. ನನ್ನ ಪಾಡಿಗೆ ಬಿಡಿ."

"ಬಿಡ್ತೀನಿ, ಜೈಲಲ್ಲಿ ಬಿಟ್ಟು ಬರ್ತೀನಿ! ಬೆಂಕಿಕಡ್ಡಿನ ನಾಲ್ಕು ಸೀಳು ಮಾಡೋ ಜಿಪುಣಿ ನೀನು, ಇದ್ದಕ್ಕಿದ್ದ ಹಾಗೆ ನನಗೂ ಸೇರಿಸಿ ಮೇಲಿನ ಡೆಕ್ಕಿನ ಟಿಕೆಟ್ ತೆಗೆದಾಗಲೇ ನಾನು ಕೇಳಬೇಕಿತ್ತು."

ಅವಳು ಶಾಲನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಳು. ಅಷ್ಟೇ. ಕೂತು ಕೆದಕಲು ನನಗೆ ಪುರಸೊತ್ತಿರಲಿಲ್ಲ. ಅಲ್ಲೇ ನಾನು ಎಡವಿದ್ದು.

ಹದಿನೇಳನೇ ನಂಬರ್ ಕ್ಯಾಬಿನ್. ಕಾಣೆಯಾದವನ ಹೆಂಡತಿ ಇನ್ನಾ ಸವೆಲ್ಯೆವ್ನಾ ಬಾಗಿಲು ಒಂದು ಗೇಣು ತೆಗೆದಳು. ನಾನು ಹೊಟ್ಟೆ ಮುಂದೆ ಮಾಡಿ ಒಳಗೆ ಬಂದೆ. ನನ್ನ ಹೊಟ್ಟೆಗೆ ಮುಚ್ಚುವ ಬಾಗಿಲು ವೋಲ್ಗಾದ ಮೇಲೆ ಇನ್ನೂ ತಯಾರಾಗಿಲ್ಲ.

ಐವತ್ತೈದರ ಆಸುಪಾಸಿನ, ಕೊರಳು ನೆಟ್ಟಗೆ ಹಿಡಿದು ನಡೆಯುವ ಹೆಂಗಸು. ಮಂಚದ ಮೇಲೆ ಸೂಟ್‌ಕೇಸ್, ಬೆಲ್ಟು ಬಿಗಿದಿತ್ತು. ಅವಳ ಬಟ್ಟೆ ಮಾತ್ರ. ಗಂಡನ ಕೋಟು ಇನ್ನೂ ಮೊಳೆಗೆ ನೇತಾಡುತ್ತಿತ್ತು.

"ಎಲ್ಲಿಗಮ್ಮಾ ಸವಾರಿ?"

"ರಿಬಿನ್ಸ್ಕ್‌ನಲ್ಲಿ ಇಳಿದು ಹೋಗ್ತೀನಿ. ನನಗೆ ಸಾಕಾಗಿದೆ."

"ಗಂಡ ಇನ್ನೂ ಸಿಕ್ಕಿಲ್ಲ, ಆಗಲೇ ಹೊರಟ್ರಾ? ನಮ್ಮ ಬೆಕ್ಕು ಕಳೆದಾಗ ನಾನು ನಾಲ್ಕು ದಿನ ಮನೆಬಾಗಿಲು ಹಾಕಲಿಲ್ಲ."

"ನಿಮಗೇನು ಬೇಕು?"

"ನಿಮ್ಮ ಕೈ."

ಅವಳು ಎಡಗೈಯನ್ನು ಲಂಗದ ಮಡಿಕೆಗೆ ಸರಿಸಿದಳು. ಟ್ರಾಮಿನಲ್ಲಿ ಹಳೆ ಟಿಕೆಟ್ ಬಚ್ಚಿಡುವವರು ಹೀಗೇ ಮಾಡುತ್ತಿದ್ದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ನಿನ್ನೆ ಮಧ್ಯಾಹ್ನ ಊಟದ ಮೇಜಲ್ಲಿ ನೀವು ಬ್ರೆಡ್ಡಿಗೆ ಕೈ ಚಾಚಿದಾಗ ಉಂಗುರ ಬಲಗೈಲಿತ್ತು. ಇವತ್ತು ಗಂಜಿ ಕಲಸುವಾಗ ಎಡಗೈಲಿತ್ತು. ಎಲ್ಲರೂ ನಿಮ್ಮ ಗಂಡ ಎಲ್ಲೋ ಬಿದ್ದಿದಾನೆ, ಸಿಕ್ತಾನೆ ಅಂತಿದಾರೆ. ನೀವು ಮಾತ್ರ ವಿಧವೆ ಆಗಿಬಿಟ್ರಿ. ನನ್ನ ಗೆಳತೀನ ಕೆಳಗೆ ಪೊಲೀಸರಿಗೆ ಕೊಡ್ತಿದಾರೆ, ಇನ್ನಾ ಸವೆಲ್ಯೆವ್ನಾ. ನೀವು ಸೂಟ್‌ಕೇಸ್ ಕಟ್ಟಿ ಕೂತಿದೀರ. ನಾಚಿಕೆ ಆಗಲ್ವಾ?"

ಹೊರಗೆ ಗೋಡೆ ಇನ್ನೊಂದು ಆಳು ಎತ್ತರ ಏರಿತು, ಕ್ಯಾಬಿನ್ ಒಳಗೆ ಮಬ್ಬು. ಅವಳು ದೀಪ ಹಾಕಲಿಲ್ಲ.

"ಕೊಡಿ ಬಲಗೈ. ಬಿಳಿ ಪಟ್ಟೆ ನೋಡಿಬಿಡ್ತೀನಿ."

ಕೊಟ್ಟಳು. ಇಷ್ಟು ಸುಲಭವಾಗಿ ಕೊಡುತ್ತಾಳೆ ಅಂದುಕೊಂಡಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

ಬಿಳಿ ಪಟ್ಟೆ ಇರಲಿಲ್ಲ. ಉಂಗುರದ ಬೆರಳು ಕೆಂಪಗೆ ಊದಿತ್ತು, ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಯ ಹಾಗೆ. ಹೊಸ ಗಾಯ, ನಾಲ್ಕೈದು ದಿನದ್ದು.

"ಈಗ ಇದನ್ನೂ ನೋಡಿ," ಅಂದು ಅವಳು ಎಡಗೈಯಿಂದ ಉಂಗುರ ಜಾರಿಸಿದಳು. ಅಲ್ಲಿತ್ತು ಪಟ್ಟೆ. ಬಿಳಿ, ಆಳ, ಮರಕ್ಕೆ ತಂತಿ ಕಟ್ಟಿ ಬಿಟ್ಟ ಗೆರೆಯಂತೆ. ವರ್ಷಗಟ್ಟಲೆ ಆಗದೆ ಅಂಥ ಗೆರೆ ಬೀಳುವುದಿಲ್ಲ.

ಅವಳ ಎರಡೂ ಕೈ ಪಕ್ಕಪಕ್ಕ ಹಿಡಿದು ಮತ್ತೊಮ್ಮೆ ನೋಡಿದೆ.

"ನೀವು ಮೊದಲಿಂದಲೂ ವಿಧವೆ," ಅಂದೆ.

"ಆರು ವರ್ಷದಿಂದ. ಈ ಪ್ರವಾಸಕ್ಕೆ ಮಾತ್ರ ಬಲಗೈಗೆ ತುರುಕಿದ್ದೆ. ಸೋಪು ಹಚ್ಚಿ. ನಿನ್ನೆ ಅವನು ಹೋದ ಮೇಲೆ ನಾಟಕ ಯಾರಿಗೆ? ನೋಯ್ತಿತ್ತು, ತೆಗೆದೆ."

"ಹಾಗಾದ್ರೆ ಆ ಗಂಡಸು?"

"ನನ್ನ ಗಂಡ ಅಲ್ಲ."

ಅವಳು ಮಂಚದ ಮೇಲೆ ಕುಸಿದಳು. ನಾನೂ ಕೂತೆ, ಮಂಚ ನರಳಿತು. ಆಮೇಲೆ ಅವಳ ಬಾಯಿಂದ ಮಾತು ಬಂದದ್ದು ನೀರು ಇಳಿಯುವಷ್ಟೇ ಸದ್ದಿಲ್ಲದೆ, ನಿಲ್ಲದೆ.

"ನನ್ನ ವೆನಿಯಮಿನ್ ಏಳು ವರ್ಷದ ಹಿಂದೆ ಮಾರ್ಚ್‌ನಲ್ಲಿ ಹಿಮದ ಮೇಲೆ ಮೀನಿಗೆ ಹೋದ. ಇದೇ ಜಲಾಶಯಕ್ಕೆ. ಬರಲಿಲ್ಲ. ಒಂದು ವರ್ಷ ಕಾದೆ, ಆಮೇಲೆ ಕೋರ್ಟಿನೋರು ಸತ್ತ ಅಂತ ಕಾಗದ ಕೊಟ್ಟರು, ಉಂಗುರ ಬದಲಿಸಿದೆ. ಈ ಏಪ್ರಿಲ್‌ನಲ್ಲಿ ಈ ಮನುಷ್ಯ ಬಾಗಿಲು ತಟ್ಟಿದ. ವೆನಿಯಮಿನ್‌ನ ಗಡಿಯಾರ ಅವನ ಕೈಯಲ್ಲಿ, ವೆನಿಯಮಿನ್‌ನ ಪಾಸ್‌ಪೋರ್ಟು ಅವನ ಜೇಬಲ್ಲಿ. ನಾವಿಬ್ಬರೂ ಒಂದೇ ಹಿಮದ ಹಾಳೆ ಮೇಲಿದ್ವಿ, ನಿನ್ನ ಗಂಡ ನನ್ನ ಕೈಯಲ್ಲೇ ಸತ್ತ, ನಾನು ಅವನ ಕಾಗದ ತಗೊಂಡು ಬೇರೆ ಊರಲ್ಲಿ ಬದುಕಿದೆ ಅಂದ."

"ಯಾಕೆ? ತನ್ನ ಮನೆಗೆ ಹೋಗೋಕೆ ಏನಾಗಿತ್ತು ಅವನಿಗೆ?"

"ಕೇಳಿದೆ. ಮನೆಗೆ ವಾಪಸು ಹೋಗೋದಕ್ಕಿಂತ ಹಿಮದ ಮೇಲೆ ಸತ್ತ ಅನ್ನಿಸ್ಕೊಳ್ಳೋದೇ ಸುಲಭ ಅನಿಸ್ತು ಅಂದ. ಅಂಥೋರು ಇದ್ದಾರೆ."

"ಇದ್ದಾರೆ," ಅಂದೆ. ಮನೆಯಿಂದ ಬ್ರೆಡ್ ತರಲು ಹೋಗಿ ವಾಪಸು ಬಾರದವರೇ ನಮ್ಮ ಕಟ್ಟಡದಲ್ಲಿ ಇಬ್ಬರಿದ್ದರು.

"ನನ್ನ ಗಂಡನನ್ನ ಎಲ್ಲಿ ಹೂತಿದಾನೆ ಅಂತ ಪ್ಲ್ಯೋಸ್ ಊರಿಗೆ ಹೋದ ಮೇಲೆ ಹೇಳ್ತೀನಿ ಅಂದ. ಅದಕ್ಕೆ ಬದಲಾಗಿ ಗಂಡ ಅಂತ ಹೇಳ್ಕೊಂಡು ಈ ಹಡಗಿಗೆ ಕರ್ಕೊಂಡು ಬರಬೇಕು. ಪಾಸ್‌ಪೋರ್ಟಲ್ಲಿ ಅವನು ನನ್ನ ಗಂಡ ತಾನೇ? ನನಗೆ ಒಂದು ಗೋರಿ ಬೇಕಿತ್ತು, ಅಜ್ಜಿ. ಅಳೋಕೆ ಒಂದು ಜಾಗ. ಅದಕ್ಕೆ ಒಪ್ಪಿದೆ."

ಈ ಸಲ ಅಜ್ಜಿ ಅಂದದ್ದಕ್ಕೆ ನಾನು ಬೈಯಲಿಲ್ಲ.

"ಈ ಹಡಗೇ ಯಾಕೆ ಬೇಕಿತ್ತಂತೆ ಅವನಿಗೆ?"

"ಇಲ್ಲಿಗೆ ಒಬ್ಬಳು ಬರ್ತಾಳೆ ಅಂದ. ಕಾಗದ ಬರೆದು ಕರೆಸಿದೀನಿ ಅಂದ. ಅವಳ ಕಾಲು ಹಿಡ್ಕೊಂಡು ಕ್ಷಮೆ ಕೇಳಬೇಕು, ಆಮೇಲೆ ಪೊಲೀಸರ ಹತ್ರ ಹೋಗ್ತೀನಿ ಅಂದ."

ತಟ್ಟನೆ ಹೊಳೆಯಿತು. ಬೆಂಕಿಕಡ್ಡಿ ಸೀಳುವ ಜಿಪುಣಿ, ಎರಡು ಟಿಕೆಟ್.

"ಅವನ ನಿಜವಾದ ಹೆಸರು ಹೇಳಿದ್ನಾ?"

"ಒಂದೇ ಒಂದು ಸಲ. ತಿಖೋನ್ ಅಂತ."

ಹಡಗು ಒಮ್ಮೆ ಗೋಡೆಗೆ ಉಜ್ಜಿ ನಡುಗಿತು. ಮೇಜಿನ ಮೇಲಿನ ಟೀ ಲೋಟ ಅದರ ಕಬ್ಬಿಣದ ಹಿಡಿಕೆಯಲ್ಲಿ ಕಟಕಟ ಅಂತು. ನೀರು ಇಳಿದು ಮುಗಿದಿತ್ತು.

"ಏನಾಯ್ತು? ಯಾಕೆ ಹಾಗೆ ನೋಡ್ತಿದೀರ?"

"ಏನಿಲ್ಲ. ಇಳೀಬೇಡಿ ನೀವು. ಸೂಟ್‌ಕೇಸ್ ಬಿಚ್ಚಿ," ಅಂದು ನಾನು ಹೊರಟೆ.

ಹಡಗಿನಲ್ಲಿ ನೂರೆಂಬತ್ತು ಜನ, ಮುನ್ನೂರರವತ್ತು ಕೈ. ಅಡುಗೆಯವನ ಸುಟ್ಟ ಹೆಬ್ಬೆರಳಿನಿಂದ ಕ್ಯಾಪ್ಟನ್‌ನ ಕಚ್ಚಿದ ಉಗುರಿನವರೆಗೆ ಎಲ್ಲ ನೋಡಿದ್ದೆ. ನನ್ನ ಪಕ್ಕದ ಮಂಚದಲ್ಲಿ ಮಲಗುವವಳ ಕೈಯನ್ನು ನಿನ್ನೆ ಸಂಜೆಯಿಂದ ನೋಡಿರಲಿಲ್ಲ.

ಮೆಟ್ಟಿಲು ಹತ್ತುವಾಗ ಮುಂದಿನ ಕಬ್ಬಿಣದ ಬಾಗಿಲು ಕಿರುಗುಟ್ಟಿತು. ನಮ್ಮ ಓಣಿಗೆ ಒಂದು ಗೀಟು ಬಿಸಿಲು ಬಿತ್ತು, ಆಮೇಲೆ ಅಗಲವಾಯಿತು. ಹೊರಗೆ ಎಲ್ಲೋ ಮೋಟಾರ್ ದೋಣಿಯ ಸದ್ದು.

ನಾವಿಕನನ್ನು ದೂಡಿ ಒಳಗೆ ಹೋದೆ, ಬಾಗಿಲು ಹಾಕಿದೆ. ರಾಯಿಸಾ ಅದೇ ಮಂಚದ ತುದಿಯಲ್ಲಿ, ಅದೇ ಶಾಲಿನಲ್ಲಿ.

"ಕೈ ತೋರಿಸೇ."

"ಕ್ಲಾವಕ್ಕ..."

"ತೋರಿಸು ಅಂದೆ!"

ಶಾಲು ಜಾರಿತು. ಬಲಗೈ ಬೆರಳು ಬರಿದು. ಅಲ್ಲಿ ಬಿಳಿ ಪಟ್ಟೆ ಹೊಳೆಯುತ್ತಿತ್ತು, ನಾನು ಮ್ಯಾನೇಜರ್‌ಗೆ ಪಾಠ ಹೇಳಿಕೊಟ್ಟ ಹಾಗೆಯೇ. ಉಂಗುರ ಎಡಗೈಯಲ್ಲಿತ್ತು. ಗಂಟು ಕಟ್ಟಿದ ಬೆರಳಿಗೆ ಹಟದಿಂದ ತುರುಕಿದ್ದಳು, ಬೆರಳು ನೀಲಿಗಟ್ಟಿತ್ತು.

ನಾನು ಅವಳ ಮುಂದೆ ಮಂಡಿಯೂರಿದೆ. ಆ ಮಂಡಿಗಳು ಹಾಗೆ ಮಡಚಿದ್ದು ಸ್ತೆಪಾನ್‌ನ ಗೋರಿಯ ಮುಂದೆ, ಆಮೇಲೆ ಈಗ.

"ಗಡಿಯಾರ ಅವನೇ ಕೊಟ್ಟನಾ?"

ಹೌದು ಅಂತ ತಲೆಯಾಡಿಸಿದಳು. "ತನ್ನ ಜೊತೆ ಬಂದಿರೋ ಆ ಹೆಂಗಸಿಗೆ ಕೊಡು ಅಂದ. ತಾನು ಕೊಡೋಕೆ ಧೈರ್ಯ ಸಾಲ್ತಿಲ್ಲ ಅಂದ. ನಾನು ಬೈದೆ. ಏಳು ವರ್ಷದ್ದೆಲ್ಲ ಬೈದೆ. ಆಮೇಲೆ ಅತ್ತೆ. ಆಮೇಲೆ ಕೆಳಗೆ ಟೀ ತರ್ತೀನಿ ಅಂತ ಹೋದೆ, ಅವನು ಅಲ್ಲೇ ಕಾಯ್ತೀನಿ ಅಂದ. ಬಂದು ನೋಡಿದ್ರೆ ಇರಲಿಲ್ಲ."

"ಮತ್ತೆ ಉಂಗುರ? ಹೆಣ ನೋಡದೆ ಬದಲಿಸಲ್ಲ ಅಂತಿದ್ದೆಯಲ್ಲೇ ನೀನು!"

"ನೋಡ್ದೆ ಅಕ್ಕ."

"ಎಲ್ಲಿ? ನದೀಲಾ?"

ಅವಳು ಇಲ್ಲ ಅಂತ ತಲೆ ಆಡಿಸಿದಳು. ಕಣ್ಣು ಬಾಗಿಲ ಮೇಲಿತ್ತು. ಧ್ವನಿ ತೀರ ಇಳಿಯಿತು.

"ಈ ಹಡಗಲ್ಲೇ ಇದಾನೆ. ಅವನನ್ನ ಅಲ್ಲಿಟ್ಟೋರು ನನ್ನ ನೋಡಿದ್ರು. ಬಾಯಿ ಬಿಟ್ರೆ ನಿಮ್ಮನ್ನೂ ಅವನ ಪಕ್ಕ ಮಲಗಿಸ್ತೀವಿ ಅಂದ್ರು. ನಿಮ್ಮನ್ನ, ಕ್ಲಾವಕ್ಕ. ನನ್ನನ್ನಲ್ಲ."

ಬಾಯಿ ತೆರೆದೆ, ಯಾರು ಅಂತ ಕೇಳಲು. ಓಣಿಯಲ್ಲಿ ಬೂಟಿನ ಸದ್ದು ಕೇಳಿತು. ಒಂದು ಜೊತೆಯಲ್ಲ, ಮೂರು.

"ಕ್ಲಾವ್ದಿಯಾ ಯೆಗೋರೊವ್ನಾ!" ರೊಸ್ತಿಸ್ಲಾವ್‌ನ ಉತ್ಸಾಹದ ಧ್ವನಿ. "ನಿಮ್ಮ ಉಂಗುರದ ಮಾತು ಅಧಿಕಾರಿಗಳಿಗೆ ತುಂಬಾ ಹಿಡಿಸ್ತು. ಹಡಗಿನ ಎಲ್ಲ ಹೆಂಗಸರ ಕೈ ನೋಡ್ತಿದೀವಿ. ನಿಮ್ಮ ಕ್ಯಾಬಿನ್ನಿಂದಲೇ ಶುರು ಮಾಡೋಣ ಅಂದ್ರು!"

ರಾಯಿಸಾಳ ಎಡಗೈ ಎಳೆದುಕೊಂಡು ಉಂಗುರ ಹಿಡಿದು ತಿರುಗಿಸಿದೆ. ಬರಲಿಲ್ಲ. ಎಂಜಲು ಹಚ್ಚಿ ಜಗ್ಗಿದೆ. ಗಂಟಿನ ಹತ್ತಿರ ಬಂದು ನಿಂತಿತು.

ಬಾಗಿಲ ಹಿಡಿ ತಿರುಗಿತು.